ಟ್ರಾಮ್ ಮತ್ತು ಸುರಂಗ ರೈಲು ಒಂದೇ ಕಂಪನಿಯಡಿ: ಬುಡಾಪೆಸ್ಟ್, ಬ್ಯೂನಸ್ ಐರಿಸ್, ಲಂಡನ್‌ಗಳಲ್ಲಿ ಯಾವ ಇತಿಹಾಸವನ್ನು ಮೊದಲು ಓದಬೇಕು?

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಿಂದ ಮೊದಲ ಮಹಾಯುದ್ಧದವರೆಗಿನ ಅವಧಿಯಲ್ಲಿ, ಬೀದಿಯ ಮೇಲೆ ಟ್ರಾಮ್ ಓಡಿಸುತ್ತಿದ್ದ ಖಾಸಗಿ ಕಂಪನಿಗಳು ಕೆಲವು ನಗರಗಳಲ್ಲಿ ನೆಲದಡಿಯ ರೈಲಿಗೂ ಕೈಹಾಕಿದವು. ನಗರದ ನಡುವಿನ ಬೀದಿಗಳು ತುಂಬಿಹೋಗಿದ್ದವು, ಹೊರವಲಯದ ಬಡಾವಣೆಗಳು ಬೆಳೆಯುತ್ತಿದ್ದವು, ವಿದ್ಯುತ್ ಮೋಟಾರು ಆಗಷ್ಟೇ ನಂಬಿಕೆಗೆ ಅರ್ಹವಾಗಿತ್ತು. ಈ ಮೂರೂ ಕೂಡಿದಲ್ಲಿ ಟ್ರಾಮ್ ಮತ್ತು ಸುರಂಗ ಒಂದೇ ಮಾಲೀಕರ ಕೈಗೆ ಬಂದವು. ಈ ಚರಿತ್ರೆಯನ್ನು ಕ್ರಮವಾಗಿ ಓದಲು ಅಥವಾ ಅದರ ಕುರುಹುಗಳನ್ನು ಕಣ್ಣಾರೆ ನೋಡಲು ಬಯಸುವ ಕನ್ನಡದ ಓದುಗರ ಮುಂದೆ ಮೂರು ಒಳ್ಳೆಯ ಉದಾಹರಣೆಗಳಿವೆ: ಬುಡಾಪೆಸ್ಟ್ ವಿದ್ಯುತ್ ನಗರ ರೈಲ್ವೆ ಕಂಪನಿ, ಬ್ಯೂನಸ್ ಐರಿಸ್‌ನ ಆಂಗ್ಲೋ-ಅರ್ಜೆಂಟೀನ್ ಟ್ರಾಮ್‌ವೇಸ್ ಕಂಪನಿ ಮತ್ತು ಲಂಡನ್‌ನ ಅಂಡರ್‌ಗ್ರೌಂಡ್ ಎಲೆಕ್ಟ್ರಿಕ್ ರೈಲ್ವೇಸ್ ಕಂಪನಿ. ಮೂರನ್ನೂ ಒಟ್ಟಿಗೆ ಹಿಡಿದರೆ ಹೆಸರು ಮತ್ತು ಇಸವಿಗಳ ರಾಶಿಯಲ್ಲಿ ದಾರಿ ತಪ್ಪುವುದು ಸುಲಭ. ಆದ್ದರಿಂದ ಯಾವುದರಿಂದ ಆರಂಭಿಸಬೇಕು, ಯಾರಿಗೆ ಯಾವುದು ಹೊಂದುತ್ತದೆ ಎಂಬುದನ್ನು ಇಲ್ಲಿ ಹೋಲಿಸಿ ನೋಡಲಾಗಿದೆ.

ಇಂಥ ಹೋಲಿಕೆಗಳಲ್ಲಿ ಸಾಮಾನ್ಯವಾಗಿ ಬಳಸುವ ಎರಡು ಅಳತೆಗಳು, ಅಂದರೆ ಯಾವುದು ಮೊದಲು ಆರಂಭವಾಯಿತು ಮತ್ತು ಯಾವುದು ಹೆಚ್ಚು ಉದ್ದ ಎಂಬವು, ಈ ವಿಷಯದಲ್ಲಿ ಹೆಚ್ಚು ಪ್ರಯೋಜನಕ್ಕೆ ಬರುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕೇಳಬೇಕಾದ ಪ್ರಶ್ನೆ ಬೇರೆ. ಟ್ರಾಮ್ ಮತ್ತು ಸುರಂಗ ರೈಲು ನಿಜವಾಗಿ ಎಲ್ಲಿ ಕೂಡಿಕೊಂಡವು? ಹಳಿಗಳಲ್ಲಿಯೇ, ಹಣದ ಲೆಕ್ಕದಲ್ಲಿಯೇ, ಅಥವಾ ಷೇರುಪತ್ರಗಳಲ್ಲಿ ಮಾತ್ರವೇ? ಮೂರು ನಗರಗಳೂ ಈ ಪ್ರಶ್ನೆಗೆ ಮೂರು ಬೇರೆ ಉತ್ತರಗಳನ್ನು ಕೊಡುತ್ತವೆ, ಮತ್ತು ಓದುಗರ ಆಯ್ಕೆ ಆ ಉತ್ತರಗಳ ಮೇಲೆಯೇ ನಿಲ್ಲಬೇಕು.

ಕೋಲ್ಕತ್ತ ನಮಗೆ ಹತ್ತಿರವಲ್ಲವೇ, ಅದನ್ನೇಕೆ ಬಿಡಬೇಕು ಎಂದು ಕೆಲವರು ಕೇಳಬಹುದು. 1880ರಲ್ಲಿ ಲಂಡನ್‌ನಲ್ಲಿ ನೋಂದಣಿಯಾದ ಕಲ್ಕತ್ತಾ ಟ್ರಾಮ್‌ವೇಸ್ ಕಂಪನಿಯ ಚರಿತ್ರೆ ಖಂಡಿತವಾಗಿ ಓದಬೇಕಾದದ್ದೇ. ಲಂಡನ್‌ನ ಸುರಂಗ ಮಾರ್ಗಗಳನ್ನು ಕಟ್ಟಿದ ಎಂಜಿನಿಯರ್ ಹಾರ್ಲಿ ಡಾಲ್‌ರಿಂಪಲ್-ಹೇ 1921ರ ಸುಮಾರಿಗೆ ಕಲ್ಕತ್ತೆಗೂ ಒಂದು ಆಳ ಸುರಂಗದ ಯೋಜನೆಯನ್ನು ಬರೆದುಕೊಟ್ಟಿದ್ದರು. ಆದರೆ ಆ ಯೋಜನೆ ಕಾಗದದಲ್ಲೇ ಉಳಿಯಿತು. 1984ರಲ್ಲಿ ಅಲ್ಲಿ ಮೆಟ್ರೊ ಆರಂಭವಾದಾಗ ಅದನ್ನು ಕಟ್ಟಿದ್ದು ಭಾರತೀಯ ರೈಲ್ವೆಯೇ ಹೊರತು ಟ್ರಾಮ್ ಕಂಪನಿಯಲ್ಲ. ನಮ್ಮ ಪ್ರಶ್ನೆಗೆ ಅಲ್ಲಿ ಉತ್ತರ ಸಿಗುವುದಿಲ್ಲ.

ಬುಡಾಪೆಸ್ಟ್: ಬೀದಿಯ ಅಂದಕ್ಕಾಗಿ ನೆಲದಡಿಗೆ ಹೋದ ಟ್ರಾಮ್

ಬಲಾಝ್ ಮೋರ್ ಎಂಬ ಉದ್ಯಮಿ ಜರ್ಮನಿಯ ಸೀಮೆನ್ಸ್ ಮತ್ತು ಹಾಲ್ಸ್ಕೆ ಸಂಸ್ಥೆಯ ಜೊತೆಗೂಡಿ 1887ರ ನವೆಂಬರ್ 28ರಂದು ಬುಡಾಪೆಸ್ಟಿನ ಮೊದಲ ವಿದ್ಯುತ್ ಟ್ರಾಮನ್ನು ಓಡಿಸಿದರು. ಅವರ ಮುಂದಿನ ಆಸೆ ಆಂದ್ರಾಶಿ ಬೀದಿಯಲ್ಲಿ ಟ್ರಾಮ್ ಹಾಕುವುದಾಗಿತ್ತು. ನಗರದ ಅತ್ಯಂತ ಸುಂದರ ಹೆದ್ದಾರಿಯ ಮೇಲೆ ಹಳಿ ಬೇಡವೆಂದು ನಗರಾಡಳಿತ ಒಪ್ಪಲಿಲ್ಲ. ಹಂಗೇರಿಯ ಸಾವಿರ ವರ್ಷದ ಉತ್ಸವ 1896ರಲ್ಲಿ ನಡೆಯಬೇಕಿತ್ತು, ಅದರ ಮುಖ್ಯ ಸ್ಥಳವಾದ ನಗರೋದ್ಯಾನ ಅದೇ ಬೀದಿಯ ತುದಿಯಲ್ಲಿತ್ತು. ಹಾಗಾಗಿ ಬಲಾಝ್ ಅವರ ಕಂಪನಿಯೂ ಅದರ ಪ್ರತಿಸ್ಪರ್ಧಿಯಾಗಿದ್ದ ಕುದುರೆ ಟ್ರಾಮ್ ಕಂಪನಿಯೂ ಸೇರಿ ನೆಲದಡಿಯ ಮಾರ್ಗಕ್ಕೆ ಅನುಮತಿ ಕೇಳಿದವು. 1894ರ ಆಗಸ್ಟಿನಲ್ಲಿ ಅಗೆತ ಆರಂಭವಾಯಿತು, 1896ರ ಮೇ 2ರಂದು ರೈಲು ಓಡಿತು. ಎರಡು ವರ್ಷವೂ ತುಂಬದ ಕಾಲದಲ್ಲಿ 3.7 ಕಿ.ಮೀ. ಮಾರ್ಗ, 11 ನಿಲ್ದಾಣ. ಬ್ರಿಟನ್ನನ್ನು ಬಿಟ್ಟರೆ ಯುರೋಪ್ ಭೂಖಂಡದಲ್ಲಿ ಅದು ಮೊದಲ ವಿದ್ಯುತ್ ಸುರಂಗ ರೈಲು.

ಇದರ ತಾಂತ್ರಿಕ ಗುಟ್ಟು ಅಗಾಧವಾದ ಆಳದಲ್ಲಿಲ್ಲ, ಅತಿ ಕಡಿಮೆ ಆಳದಲ್ಲಿದೆ. ಬೀದಿಯನ್ನು ಅಗೆದು, ಗೋಡೆ ಕಟ್ಟಿ, ಮೇಲೆ ಮುಚ್ಚುವ ವಿಧಾನವನ್ನು ಅನುಸರಿಸಿದ್ದರು. ಒಕ್ತೊಗೊನ್ ಚೌಕದಲ್ಲಿ ಅಡ್ಡಲಾಗಿ ಹಾಯುವ ದೊಡ್ಡ ಒಳಚರಂಡಿಯ ಮೇಲೆಯೇ ಸುರಂಗವನ್ನು ಕೂರಿಸಬೇಕಾದ್ದರಿಂದ ಸುರಂಗದ ಎತ್ತರ ಮೂರು ಮೀಟರಿಗೂ ಕಡಿಮೆಯಾಯಿತು, ಬೋಗಿಗಳನ್ನು ಅದಕ್ಕೆ ತಕ್ಕಂತೆ ತಗ್ಗಾಗಿ ಕಟ್ಟಬೇಕಾಯಿತು. ಅಂದರೆ ಇದು ಎಲ್ಲ ಅರ್ಥದಲ್ಲೂ ನೆಲದ ಕೆಳಗೆ ಇಳಿಸಿದ ಬೀದಿ ಟ್ರಾಮ್. ಆದರೆ ಕಂಪನಿಯ ಚರಿತ್ರೆಯಾಗಿ ಇದು ಚಿಕ್ಕದು. ಬಲಾಝ್ 1897ರಲ್ಲೇ ತೀರಿಕೊಂಡರು. ಅವರ ನಂತರ ಕಂಪನಿಯ ಕಾಲದಲ್ಲಿ ಸುರಂಗ ವಿಸ್ತರಿಸಲಿಲ್ಲ. 1920ರ ದಶಕದ ಆರಂಭದಲ್ಲಿ ನಗರದ ಎಲ್ಲ ಟ್ರಾಮ್ ಕಂಪನಿಗಳನ್ನು ಒಂದು ನಗರ ಸಂಸ್ಥೆಯೊಳಗೆ ಸೇರಿಸಿದಾಗ ಸುರಂಗವೂ ಅದರೊಳಗೆ ಹೋಯಿತು. ಮೂಲ ದಾಖಲೆಗಳು ಹಂಗೇರಿಯನ್ ಭಾಷೆಯಲ್ಲಿವೆ ಎಂಬ ತೊಡಕೂ ಇದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇದು ಮೊದಲ ಆಯ್ಕೆಯಾಗಬಹುದು, ಇತರರಿಗೆ ಆಗಲಾರದು.

ಬ್ಯೂನಸ್ ಐರಿಸ್: ಒಂದೇ ಬೋಗಿಗೆ ಎರಡು ಬಗೆಯ ಬಾಗಿಲು

ಆಂಗ್ಲೋ-ಅರ್ಜೆಂಟೀನ್ ಟ್ರಾಮ್‌ವೇಸ್ ಕಂಪನಿ 1876ರಲ್ಲಿ ಲಂಡನ್‌ನಲ್ಲಿ ಸ್ಥಾಪನೆಯಾಯಿತು. ಕುದುರೆ ಟ್ರಾಮಿನ ಕಾಲದಲ್ಲಿ ಹುಟ್ಟಿದ ಈ ಕಂಪನಿ, ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಪ್ರತಿಸ್ಪರ್ಧಿಗಳನ್ನು ಒಂದೊಂದಾಗಿ ಕೊಂಡುಕೊಂಡು, ನಗರದ ಟ್ರಾಮ್ ಮಾರ್ಗಗಳಲ್ಲಿ ಬಹುಪಾಲನ್ನು ತನ್ನದಾಗಿಸಿಕೊಂಡಿತು. ಅಷ್ಟರಲ್ಲಿ ಅದರ ಬಂಡವಾಳದ ಹಿಡಿತ ಬೆಲ್ಜಿಯಂ ಹೂಡಿಕೆದಾರರ ಕಡೆಗೆ ಸರಿದಿತ್ತು, ಹೆಸರು ಮತ್ತು ನೋಂದಣಿ ಮಾತ್ರ ಇಂಗ್ಲೆಂಡಿನದಾಗಿ ಉಳಿಯಿತು. ನಗರದ ಹಳೆಯ ಭಾಗದ ಬೀದಿಗಳು ಸ್ಪ್ಯಾನಿಷ್ ವಸಾಹತು ಕಾಲದ ಇಕ್ಕಟ್ಟಿನ ಬೀದಿಗಳು. ಅವುಗಳಲ್ಲಿ ಟ್ರಾಮಿನ ಹಿಂದೆ ಟ್ರಾಮ್ ನಿಲ್ಲುವ ಸ್ಥಿತಿ ಬಂದಾಗ ಕಂಪನಿ 1909ರ ಕೊನೆಯಲ್ಲಿ ಮೂರು ಸುರಂಗ ಮಾರ್ಗಗಳಿಗೆ ನಗರಾಡಳಿತದ ಪರವಾನಗಿಯನ್ನು ಪಡೆಯಿತು.

ಮೊದಲ ಮಾರ್ಗದ ಕೆಲಸ 1911ರ ಸೆಪ್ಟೆಂಬರಿನಲ್ಲಿ ಆರಂಭವಾಯಿತು, ಕಟ್ಟಿದ್ದು ಜರ್ಮನಿಯ ಫಿಲಿಪ್ ಹೋಲ್ಟ್ಸ್‌ಮನ್ ಸಂಸ್ಥೆ. 1913ರ ಡಿಸೆಂಬರ್ 1ರಂದು ಪ್ಲಾಸಾ ದೆ ಮಾಯೊದಿಂದ ಪ್ಲಾಸಾ ಮಿಸೆರೆರೆವರೆಗೆ ರೈಲು ಓಡಿದಾಗ ಲ್ಯಾಟಿನ್ ಅಮೆರಿಕಕ್ಕಷ್ಟೇ ಅಲ್ಲ, ಇಡೀ ದಕ್ಷಿಣ ಗೋಳಾರ್ಧಕ್ಕೆ ಅದು ಮೊದಲ ಸುರಂಗ ರೈಲಾಯಿತು. 1914ರ ಜುಲೈ ವೇಳೆಗೆ ಅದು ಕಬಾಯಿತೊ ಬಡಾವಣೆಯನ್ನು, ಅಂದರೆ ಇಂದಿನ ಪ್ರಿಮೆರಾ ಹುಂತಾ ನಿಲ್ದಾಣವನ್ನು, ಮುಟ್ಟಿತು. ಅಂದು ಅರ್ಜೆಂಟೀನಾದಲ್ಲಿ ವಾಹನಗಳು ನಮ್ಮಲ್ಲಿಯಂತೆ ಎಡಬದಿಯಲ್ಲಿ ಓಡುತ್ತಿದ್ದವು. 1945ರಲ್ಲಿ ರಸ್ತೆಗಳು ಬಲಬದಿಗೆ ಬದಲಾದವು, ಸುರಂಗದ ರೈಲು ಮಾತ್ರ ಇಂದಿಗೂ ಎಡಕ್ಕೇ ಓಡುತ್ತದೆ.

ನಾನು ಈ ಚರಿತ್ರೆಯನ್ನು ಮುಂದಿಡಲು ಮುಖ್ಯ ಕಾರಣ ಅದರ ಬೋಗಿಗಳು. ಬೆಲ್ಜಿಯಂನ ಲಾ ಬ್ರೂಜ್ವಾಸ್ ಕಾರ್ಖಾನೆಯಲ್ಲಿ ತಯಾರಾದ ಆ ಮರದ ಬೋಗಿಗಳಿಗೆ ಎರಡು ಬಗೆಯ ಬಾಗಿಲುಗಳಿದ್ದವು. ನಡುವಿನ ಬಾಗಿಲು ಸುರಂಗದ ಎತ್ತರದ ಪ್ಲಾಟ್‌ಫಾರ್ಮಿಗೆ ಸರಿಹೊಂದುತ್ತಿತ್ತು. ಎರಡು ತುದಿಗಳಲ್ಲಿ ಮೆಟ್ಟಿಲಿಳಿದು ಬೀದಿಗೆ ಕಾಲಿಡುವ ತಗ್ಗಿನ ಬಾಗಿಲುಗಳಿದ್ದವು. ಪ್ರಿಮೆರಾ ಹುಂತಾದ ಆಚೆ ಇಳಿಜಾರಿನ ಮೂಲಕ ರೈಲು ನೆಲದ ಮೇಲಕ್ಕೆ ಬಂದು, ರಿವಾದಾವಿಯಾ ಹೆದ್ದಾರಿಯಲ್ಲಿ ಸಾಮಾನ್ಯ ಟ್ರಾಮಿನಂತೆ ಲಕಾರ್ರಾ ಬೀದಿಯವರೆಗೆ ಸಾಗುತ್ತಿತ್ತು. ಹೊರವಲಯದ ಪ್ರಯಾಣಿಕ ಮನೆಯ ಹತ್ತಿರ ಟ್ರಾಮ್ ಹತ್ತಿದರೆ, ವಾಹನ ಬದಲಿಸದೆ, ನಗರದ ನಡುವೆ ಸುರಂಗ ನಿಲ್ದಾಣದಲ್ಲಿ ಇಳಿಯಬಹುದಾಗಿತ್ತು. ಟ್ರಾಮ್ ಮತ್ತು ಸುರಂಗದ ಕೂಡುವಿಕೆ ಹಳಿಯಲ್ಲೇ, ಬೋಗಿಯಲ್ಲೇ ನಡೆದದ್ದನ್ನು ನೋಡಬೇಕೆಂದರೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಈ ಮೂರರಲ್ಲಿ ಇಲ್ಲ. ಈ ಸೇವೆ 1926ರ ಕೊನೆಗೆ ನಿಂತುಹೋಯಿತು. ಆಮೇಲೆ ತುದಿಯ ಬಾಗಿಲುಗಳನ್ನು ತೆಗೆದು ಬೋಗಿಗಳನ್ನು ಸಂಪೂರ್ಣವಾಗಿ ಸುರಂಗಕ್ಕೆ ಮಾರ್ಪಡಿಸಿದರು.

ನಿಂತುಹೋದದ್ದರ ನಂತರ ನಡೆದದ್ದು ಇನ್ನೂ ಗಮನಾರ್ಹವಾದದ್ದು. 1928ರ ಸೆಪ್ಟೆಂಬರ್ 24ರಂದು ಬ್ಯೂನಸ್ ಐರಿಸ್‌ನ ಕೆಲವು ಟ್ಯಾಕ್ಸಿ ಚಾಲಕರು ಗೊತ್ತಾದ ದಾರಿಯಲ್ಲಿ ಹಲವು ಪ್ರಯಾಣಿಕರನ್ನು ಒಟ್ಟಿಗೆ ಒಯ್ಯುವ ಕೊಲೆಕ್ತಿವೊ ಸೇವೆಯನ್ನು ಆರಂಭಿಸಿದರು. ಅದರ ಮೊದಲ ದಾರಿ ಪ್ರಿಮೆರಾ ಹುಂತಾ ಮತ್ತು ಲಕಾರ್ರಾ ನಡುವಿನದು. ಕಂಪನಿ ಎರಡು ವರ್ಷದ ಹಿಂದೆ ಯಾವ ತುಂಡನ್ನು ಬಿಟ್ಟುಕೊಟ್ಟಿತ್ತೋ ಅದೇ ತುಂಡಿನಲ್ಲಿ, ಅದನ್ನು ಮುಂದೆ ಮುಳುಗಿಸಲಿದ್ದ ಸ್ಪರ್ಧಿ ಹುಟ್ಟಿಕೊಂಡಿತು. ಟಿಕೆಟ್ ದರ 10 ಸೆಂಟಾವೊದಲ್ಲೇ ನಿಂತಿತ್ತು, ಏರಿಸಬೇಕೆಂಬ ಕಂಪನಿಯ ಕೋರಿಕೆಗಳಿಗೆ ನಗರಾಡಳಿತ ಮಣಿಯಲಿಲ್ಲ. ಯುದ್ಧದ ನಂತರ ಯುರೋಪಿನ ಬಂಡವಾಳ ಅಗ್ಗವಾಗಿ ಸಿಗುತ್ತಿರಲಿಲ್ಲ. ಪರವಾನಗಿಯಲ್ಲಿದ್ದ ಉಳಿದ ಎರಡು ಸುರಂಗಗಳನ್ನು ಕಂಪನಿ ಕಟ್ಟಲೇ ಇಲ್ಲ. ಎರಡನೆಯ ಸುರಂಗ ಮಾರ್ಗವನ್ನು 1930ರಲ್ಲಿ ತೆರೆದದ್ದು ಲಕ್ರೋಸೆ ಎಂಬ ಬೇರೆ ಟ್ರಾಮ್ ಕಂಪನಿ, ಮೂರನೆಯದನ್ನು 1934ರಲ್ಲಿ ತೆರೆದದ್ದು ಸ್ಪೇನ್ ಬಂಡವಾಳದ ಮತ್ತೊಂದು ಸಂಸ್ಥೆ. 1936ರ ಕಾನೂನು ನಗರದ ಸಾರಿಗೆಯನ್ನೆಲ್ಲ ಒಂದೇ ನಿಗಮದಡಿ ತರಲು ಆಜ್ಞಾಪಿಸಿತು, 1939ರಲ್ಲಿ ಕಂಪನಿಯ ಮಾರ್ಗಗಳು ಆ ನಿಗಮಕ್ಕೆ ಸೇರಿದವು.

ಭಾಷೆಯ ದೃಷ್ಟಿಯಿಂದ ಈ ಆಯ್ಕೆಗೆ ಒಂದು ಅನುಕೂಲವಿದೆ. ಕಂಪನಿ ಲಂಡನ್‌ನಲ್ಲಿ ನೋಂದಣಿಯಾಗಿದ್ದರಿಂದ ಷೇರುದಾರರಿಗೆ ಕೊಡುತ್ತಿದ್ದ ವರದಿಗಳು ಇಂಗ್ಲಿಷಿನಲ್ಲಿವೆ. ನಗರಾಡಳಿತದ ಚರ್ಚೆಗಳು, ಪತ್ರಿಕೆಗಳ ಟೀಕೆಗಳು ಮಾತ್ರ ಸ್ಪ್ಯಾನಿಷಿನಲ್ಲಿರುತ್ತವೆ. ಒಂದೇ ಪಕ್ಷದ ಮಾತನ್ನು ಕೇಳಿ ತೀರ್ಮಾನಕ್ಕೆ ಬರುವ ಅಪಾಯ ಇಲ್ಲಿ ದೊಡ್ಡದು. ಟಿಕೆಟ್ ದರದ ಜಗಳದಲ್ಲಿ ಕಂಪನಿಯ ವರದಿಯನ್ನಷ್ಟೇ ಓದಿದರೆ ಪ್ರಯಾಣಿಕರ ವಾದ ಕಿವಿಗೆ ಬೀಳುವುದೇ ಇಲ್ಲ. ಸ್ವಲ್ಪವಾದರೂ ಸ್ಪ್ಯಾನಿಷ್ ಕಲಿತು ಹೋಗುವುದು ಒಳ್ಳೆಯದು.

ಲಂಡನ್: ಹಳಿಗಳು ಕೂಡದ ಒಕ್ಕೂಟ

ಲಂಡನ್‌ನ ಕಥೆ ಇವೆಲ್ಲಕ್ಕಿಂತ ದೊಡ್ಡದು, ಮತ್ತು ಅದನ್ನು ಹಣದ ಕಥೆಯಾಗಿ ಓದಬೇಕು. ಚಿಕಾಗೋದಲ್ಲಿ ಟ್ರಾಮ್ ವ್ಯವಹಾರದಿಂದ ಶ್ರೀಮಂತರಾಗಿದ್ದ ಅಮೆರಿಕದ ಚಾರ್ಲ್ಸ್ ಟೈಸನ್ ಯರ್ಕೀಸ್ 1900ರಲ್ಲಿ ಲಂಡನ್‌ಗೆ ಬಂದು, ಇನ್ನೂ ಕಟ್ಟದೆ ಉಳಿದಿದ್ದ ಸುರಂಗ ಯೋಜನೆಗಳ ಹಕ್ಕುಗಳನ್ನೂ ಹಳೆಯ ಸುರಂಗ ಮಾರ್ಗವಾದ ಡಿಸ್ಟ್ರಿಕ್ಟ್ ರೈಲ್ವೆಯನ್ನೂ ಕೊಂಡರು. ಬ್ಯಾಂಕರ್ ಎಡ್ಗರ್ ಸ್ಪೇಯರ್ ಅವರ ಬೆಂಬಲದಿಂದ 1902ರಲ್ಲಿ 50 ಲಕ್ಷ ಪೌಂಡ್ ಬಂಡವಾಳದ ಅಂಡರ್‌ಗ್ರೌಂಡ್ ಎಲೆಕ್ಟ್ರಿಕ್ ರೈಲ್ವೇಸ್ ಕಂಪನಿ ಸ್ಥಾಪನೆಯಾಯಿತು. ಬುಡಾಪೆಸ್ಟ್ ಇಲ್ಲಿಯೂ ಒಮ್ಮೆ ತಲೆಹಾಕುತ್ತದೆ: ಡಿಸ್ಟ್ರಿಕ್ಟ್ ಮತ್ತು ಮೆಟ್ರೊಪಾಲಿಟನ್ ರೈಲ್ವೆಗಳು ಮೊದಲು ಬುಡಾಪೆಸ್ಟಿನ ಗಾಂಜ್ ಸಂಸ್ಥೆಯ ಪರ್ಯಾಯ ವಿದ್ಯುತ್ ಪದ್ಧತಿಯನ್ನು ಆರಿಸಿದ್ದವು, ಯರ್ಕೀಸ್ ನೇರ ವಿದ್ಯುತ್ತಿಗೆ ಹಟ ಹಿಡಿದರು, 1901ರ ಕೊನೆಯಲ್ಲಿ ಮಧ್ಯಸ್ಥಗಾರರ ತೀರ್ಪು ಯರ್ಕೀಸ್ ಪರವಾಗಿ ಬಂತು.

ಟ್ರಾಮ್ ಈ ಕಥೆಯೊಳಗೆ ಬರುವ ರೀತಿಯನ್ನು ನಿಧಾನವಾಗಿ ಓದಬೇಕು. ಪಶ್ಚಿಮದ ಹೊರವಲಯದಲ್ಲಿ ಲಂಡನ್ ಯುನೈಟೆಡ್ ಟ್ರಾಮ್‌ವೇಸ್ ಕಂಪನಿ, ಕ್ಲಿಫ್ಟನ್ ರಾಬಿನ್ಸನ್ ಅವರ ನೇತೃತ್ವದಲ್ಲಿ, 1901ರಿಂದ ವಿದ್ಯುತ್ ಟ್ರಾಮ್ ಓಡಿಸುತ್ತಿತ್ತು. ಅದೇ ಸಮಯದಲ್ಲಿ ಜೆ. ಪಿ. ಮಾರ್ಗನ್ ಅವರ ಬ್ಯಾಂಕು ಈ ಟ್ರಾಮ್ ಕಂಪನಿಯ ಜೊತೆಗೂಡಿ ಲಂಡನ್ನಿನ ಅಡ್ಡಕ್ಕೆ ಹಾಯುವ ಇನ್ನೊಂದು ಸುರಂಗಕ್ಕೆ ಸಂಸತ್ತಿನ ಅನುಮತಿಯನ್ನು ಕೇಳಿತ್ತು, ಮತ್ತು ಅದು ಯರ್ಕೀಸ್ ಅವರ ಮಾರ್ಗಗಳಿಗೆ ನೇರ ಸ್ಪರ್ಧೆಯಾಗಿತ್ತು. ಪಾಲುದಾರರ ನಡುವೆ ಬಿರುಕು ಮೂಡಿದಾಗ, 1902ರಲ್ಲಿ ಸ್ಪೇಯರ್ ಸದ್ದಿಲ್ಲದೆ ಟ್ರಾಮ್ ಕಂಪನಿಯ ಬಹುಪಾಲು ಷೇರುಗಳನ್ನು ಕೊಂಡುಕೊಂಡರು. ಟ್ರಾಮ್ ಕಂಪನಿಯ ಭಾಗ ಹಿಂದೆ ಸರಿದ ಮೇಲೆ ಮಾರ್ಗನ್ ಅವರ ಮಸೂದೆ ಕುಸಿಯಿತು. ಅಂದರೆ ಲಂಡನ್‌ನ ಸುರಂಗ ಕಂಪನಿ ಟ್ರಾಮನ್ನು ಕೊಂಡದ್ದು ಮುಖ್ಯವಾಗಿ ಒಂದು ಪ್ರತಿಸ್ಪರ್ಧಿ ಸುರಂಗವನ್ನು ತಡೆಯುವುದಕ್ಕಾಗಿ. ಬ್ಯೂನಸ್ ಐರಿಸ್‌ನ ಎರಡು ಬಗೆಯ ಬಾಗಿಲಿನ ಬೋಗಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಎಷ್ಟು ಮೂಲಭೂತವಾದದ್ದೆಂದು ತಿಳಿಯುತ್ತದೆ.

ಚೆಲ್ಸೀಯ ಲಾಟ್ಸ್ ರೋಡ್ ವಿದ್ಯುತ್ ಕೇಂದ್ರ 1905ರಲ್ಲಿ ಆರಂಭವಾಯಿತು. ಬೇಕರ್ಲೂ ಮಾರ್ಗ 1906ರ ಮಾರ್ಚ್‌ನಲ್ಲಿ, ಪಿಕಡಿಲಿ ಮಾರ್ಗ ಅದೇ ವರ್ಷದ ಡಿಸೆಂಬರಿನಲ್ಲಿ, ಹ್ಯಾಂಪ್‌ಸ್ಟೆಡ್ ಮಾರ್ಗ 1907ರ ಜೂನ್‌ನಲ್ಲಿ ತೆರೆದವು. ಯರ್ಕೀಸ್ ಈ ಮೂರು ಮಾರ್ಗಗಳಲ್ಲಿ ಯಾವುದನ್ನೂ ಕಾಣಲಿಲ್ಲ. 1905ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಹ್ಯಾಂಪ್‌ಸ್ಟೆಡ್ ಮಾರ್ಗಕ್ಕೆ ವರ್ಷಕ್ಕೆ 5 ಕೋಟಿ ಪ್ರಯಾಣಿಕರು ಬರುವರೆಂದು ಅಂದಾಜು ಮಾಡಿದ್ದರು, ಮೊದಲ ವರ್ಷ ಬಂದವರು ಅದರ ಅರ್ಧದಷ್ಟು. 1908ರಲ್ಲಿ ಸಾಲಪತ್ರಗಳ ಗಡುವು ಬಂದಾಗ ಕಂಪನಿ ದಿವಾಳಿಯ ಅಂಚಿನಲ್ಲಿತ್ತು, ಸ್ಪೇಯರ್ ಸಾಲ ಕೊಟ್ಟವರೊಡನೆ ಹೊಸ ಒಪ್ಪಂದ ಮಾಡಿ ಅದನ್ನು ಉಳಿಸಿದರು. ಕಂಪನಿಯನ್ನು ಮತ್ತೆ ತನ್ನ ಕಾಲ ಮೇಲೆ ನಿಲ್ಲಿಸಿದವರು ಡೆಟ್ರಾಯಿಟ್‌ನ ಟ್ರಾಮ್ ಕಂಪನಿಯಲ್ಲಿ ಪಳಗಿ 1907ರಲ್ಲಿ ಬಂದ ಆಲ್ಬರ್ಟ್ ಸ್ಟ್ಯಾನ್ಲಿ, ಮುಂದೆ ಲಾರ್ಡ್ ಆಶ್‌ಫೀಲ್ಡ್ ಆದವರು.

ಸ್ಟ್ಯಾನ್ಲಿ ಅವರ ಕಾಲದಲ್ಲಿ ಟ್ರಾಮ್‌ಗಳ ಸ್ಥಾನ ಇನ್ನಷ್ಟು ಸ್ಪಷ್ಟವಾಗುತ್ತದೆ. 1912ರಲ್ಲಿ ಕಂಪನಿ ಲಂಡನ್ನಿನ ಅತಿ ದೊಡ್ಡ ಬಸ್ ಸಂಸ್ಥೆಯಾದ ಲಂಡನ್ ಜನರಲ್ ಆಮ್ನಿಬಸ್ ಕಂಪನಿಯನ್ನು ಕೊಂಡಿತು. ಅದೇ ವರ್ಷ ಹೊರವಲಯದ ಟ್ರಾಮ್‌ಗಳನ್ನೆಲ್ಲ ಕೂಡಿಸಿ, ಬ್ರಿಟಿಷ್ ಎಲೆಕ್ಟ್ರಿಕ್ ಟ್ರ್ಯಾಕ್ಷನ್ ಸಂಸ್ಥೆಯ ಪಾಲುದಾರಿಕೆಯಲ್ಲಿ, ಲಂಡನ್ ಅಂಡ್ ಸಬರ್ಬನ್ ಟ್ರ್ಯಾಕ್ಷನ್ ಕಂಪನಿಯನ್ನು ಸ್ಥಾಪಿಸಲಾಯಿತು. ಪಶ್ಚಿಮದ ಲಂಡನ್ ಯುನೈಟೆಡ್, ಉತ್ತರದ ಮೆಟ್ರೊಪಾಲಿಟನ್ ಎಲೆಕ್ಟ್ರಿಕ್, ದಕ್ಷಿಣದಲ್ಲಿ ಕ್ರಾಯ್ಡನ್ ಸುತ್ತಲಿನ ಸೌತ್ ಮೆಟ್ರೊಪಾಲಿಟನ್ ಟ್ರಾಮ್‌ಗಳು ಅದರಡಿ ಬಂದವು. 1915ರ ಕಾನೂನು ಈ ಒಕ್ಕೂಟದ ಆದಾಯವನ್ನು ಒಂದೇ ನಿಧಿಗೆ ಹಾಕಿ ಹಂಚಿಕೊಳ್ಳಲು ಅನುಮತಿ ಕೊಟ್ಟಿತು. ಆ ನಿಧಿಯಲ್ಲಿ ನಾಲ್ಕು ರೈಲ್ವೆಗಳಿದ್ದವು, ಬಸ್ ಇತ್ತು, ಟ್ರಾಮ್ ಇರಲಿಲ್ಲ. ಬಸ್ಸಿನ ಲಾಭ ಸುರಂಗವನ್ನು ಸಾಕಿತು, ಟ್ರಾಮ್ ತನ್ನ ಹಳಿ ಮತ್ತು ರಸ್ತೆ ದುರಸ್ತಿಯ ಹೊರೆಯನ್ನು ತಾನೇ ಹೊತ್ತಿತು. ಈ ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವ ಸಂಗತಿ ಇದು. ಆದರೂ ಟ್ರಾಮ್ ವಿಭಾಗದ ಎಂಜಿನಿಯರ್‌ಗಳು ಸೋತು ಕೂರಲಿಲ್ಲ: 1930ರ ಸುಮಾರಿಗೆ ಒಕ್ಕೂಟದ ಸ್ವಂತ ಕಾರ್ಖಾನೆಯಲ್ಲಿ ಕಟ್ಟಿದ ಫೆಲ್ಥಮ್ ಟ್ರಾಮ್‌ಗಳು ಬ್ರಿಟನ್ನಿನ ಅತ್ಯುತ್ತಮ ಟ್ರಾಮ್‌ಗಳ ಸಾಲಿನಲ್ಲಿ ನಿಲ್ಲುತ್ತವೆ. 1933ರ ಜುಲೈ 1ರಂದು ಎಲ್ಲವೂ ಲಂಡನ್ ಪ್ಯಾಸೆಂಜರ್ ಟ್ರಾನ್ಸ್‌ಪೋರ್ಟ್ ಬೋರ್ಡ್ ಎಂಬ ಸಾರ್ವಜನಿಕ ಮಂಡಳಿಗೆ ಹೋಯಿತು, ಆಶ್‌ಫೀಲ್ಡ್ ಅವರೇ ಅದರ ಅಧ್ಯಕ್ಷರಾದರು. 1952ರ ಜುಲೈನಲ್ಲಿ ಲಂಡನ್ನಿನ ಹಳೆಯ ಟ್ರಾಮ್ ಸೇವೆ ಕೊನೆಗೊಂಡಿತು.

ಇಲ್ಲಿ ಒಂದು ಗೊಂದಲದ ಬಗ್ಗೆ ಎಚ್ಚರಿಸಬೇಕು. ಲಂಡನ್ನಿನ ಕಿಂಗ್ಸ್‌ವೇ ಬೀದಿಯ ಕೆಳಗೆ 1906ರಲ್ಲಿ ತೆರೆದ ಟ್ರಾಮ್ ಸುರಂಗವನ್ನು ಹಲವರು ಈ ಕಂಪನಿಯ ಕೆಲಸವೆಂದು ಭಾವಿಸುತ್ತಾರೆ. ಅದು ಲಂಡನ್ ಕೌಂಟಿ ಕೌನ್ಸಿಲಿನದು, ಅಂದರೆ ನಗರಾಡಳಿತದ್ದು. ಒಳನಗರದ ಟ್ರಾಮ್‌ಗಳು ಕೌನ್ಸಿಲಿನ ಕೈಯಲ್ಲಿದ್ದುದರಿಂದಲೇ ಖಾಸಗಿ ಒಕ್ಕೂಟದ ಟ್ರಾಮ್‌ಗಳು ಹೊರವಲಯಕ್ಕೆ ಸೀಮಿತವಾದವು.

ಹಾಗಾದರೆ ಯಾರಿಗೆ ಯಾವುದು?

ಮನೆಯಲ್ಲೇ ಕುಳಿತು ಓದುವವರಾದರೆ ಬ್ಯೂನಸ್ ಐರಿಸ್‌ನಿಂದ ಆರಂಭಿಸಿ ಎಂಬುದೇ ನನ್ನ ಸಲಹೆ. ಕಂಪನಿ ಒಂದು, ಸುರಂಗ ಒಂದು, ಉದ್ದ ಸುಮಾರು 7 ಕಿ.ಮೀ.; ಆದರೂ ಪರವಾನಗಿ, ವಿದೇಶಿ ಬಂಡವಾಳ, ಟಿಕೆಟ್ ದರದ ಜಗಳ, ಬಸ್ಸಿನ ಸ್ಪರ್ಧೆ, ಸರಕಾರದ ವಶ ಎಂಬ ಎಲ್ಲ ಘಟ್ಟಗಳೂ ಅದರಲ್ಲಿವೆ. ಲಂಡನ್ನಿನಿಂದ ಆರಂಭಿಸಿದವರು ಅಂಗಸಂಸ್ಥೆಗಳ ಹೆಸರುಗಳಲ್ಲೇ ಸುಸ್ತಾಗುವ ಸಾಧ್ಯತೆ ಹೆಚ್ಚು. ಆದರೆ ಸಾರಿಗೆ ಆಡಳಿತದಲ್ಲಿ ಆಸಕ್ತಿಯಿರುವವರು, ವಿಶೇಷವಾಗಿ ಬಸ್ಸಿಗೊಂದು ಮೆಟ್ರೊಗೊಂದು ಸಂಸ್ಥೆಯಿರುವ ಬೆಂಗಳೂರಿನ ಬಗ್ಗೆ ಯೋಚಿಸುತ್ತಿರುವವರು, ಈ ಸಲಹೆಯನ್ನು ಬದಿಗಿಟ್ಟು ಲಂಡನ್ನಿಗೇ ಹೋಗಬೇಕು. 1915ರ ಸಾಮಾನ್ಯ ನಿಧಿಯಿಂದ 1933ರ ಮಂಡಳಿಯವರೆಗಿನ ಹದಿನೆಂಟು ವರ್ಷಗಳು ಅವರಿಗೆ ಬೇಕಾದದ್ದನ್ನು ಕೊಡುತ್ತವೆ. ಸಂಸತ್ತಿನ ಸಮಿತಿಗಳ ವಿಚಾರಣೆಗಳು, 1905ರಲ್ಲಿ ಹೊರಬಂದ ಲಂಡನ್ ಸಂಚಾರದ ರಾಯಲ್ ಕಮಿಷನ್ ವರದಿ ಎಲ್ಲವೂ ಇಂಗ್ಲಿಷಿನಲ್ಲಿರುವುದು ದೊಡ್ಡ ಸೌಲಭ್ಯ.

ಪ್ರಯಾಣ ಮಾಡಿ ನೋಡುವವರ ಲೆಕ್ಕ ಬೇರೆ. ಕಡಿಮೆ ಸಮಯದಲ್ಲಿ ಹೆಚ್ಚು ಕಾಣಬೇಕೆಂದರೆ ಬುಡಾಪೆಸ್ಟ್ ಎಲ್ಲಕ್ಕಿಂತ ಮುಂದಿದೆ. ಆ ಮಾರ್ಗ ಇಂದಿಗೂ ಓಡುತ್ತಿದೆ, 2002ರಲ್ಲಿ ಆಂದ್ರಾಶಿ ಬೀದಿಯೊಡನೆ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದೆ, ದೆಯಾಕ್ ಚೌಕದ ನಿಲ್ದಾಣದಲ್ಲಿ ಹಳೆಯ ಸುರಂಗದ ತುಂಡಿನಲ್ಲೇ ಸಣ್ಣ ವಸ್ತುಸಂಗ್ರಹಾಲಯವಿದೆ. ಅರ್ಧ ದಿನ ಸಾಕು. ಬ್ಯೂನಸ್ ಐರಿಸ್‌ನಲ್ಲಿ ಮರದ ಬೋಗಿಗಳು 2013ರ ಜನವರಿಯವರೆಗೆ, ಸುಮಾರು ನೂರು ವರ್ಷ, ನಿತ್ಯದ ಸೇವೆಯಲ್ಲಿದ್ದವು. ಈಗ ಅವುಗಳಲ್ಲಿ ಪ್ರಯಾಣಿಸುವ ಅವಕಾಶ ವಿಶೇಷ ಸಂದರ್ಭಗಳಲ್ಲಿ ಮಾತ್ರ. ಆದರೆ ಹಳೆಯ ರೂಪ ಉಳಿಸಿಕೊಂಡಿರುವ ಪೆರು ನಿಲ್ದಾಣವನ್ನು ನೋಡಬಹುದು, ಕಬಾಯಿತೊ ಬಡಾವಣೆಯಲ್ಲಿ ಟ್ರಾಮ್ ಪ್ರೇಮಿಗಳ ಸಂಘ 1980ರಿಂದ ನಡೆಸುತ್ತಿರುವ ಪಾರಂಪರಿಕ ಟ್ರಾಮಿನಲ್ಲಿ ಕೂರಬಹುದು.

ಲಂಡನ್ನಿನಲ್ಲಿ ಸುರಂಗದ ಕುರುಹುಗಳು ಎಲ್ಲೆಲ್ಲೂ ಇವೆ, ಟ್ರಾಮಿನವನ್ನು ಹುಡುಕಬೇಕು. ಫೆಲ್ಥಮ್ ಟ್ರಾಮ್ ಒಂದು ಲಂಡನ್ ಸಾರಿಗೆ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿದೆ. ಅದರ ಪೂರ್ವರೂಪವಾದ ಪ್ರಾಯೋಗಿಕ ಬೋಗಿಯೊಂದು ಡರ್ಬಿಶೈರಿನ ಕ್ರಿಚ್ ಟ್ರಾಮ್ ಗ್ರಾಮದಲ್ಲಿದೆ. ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿರುವ ಬಸವೇಶ್ವರರ ಪ್ರತಿಮೆಯನ್ನು ನೋಡಲು ಹೋಗುವ ಕನ್ನಡಿಗರು ಅಲ್ಲಿಂದ ನಡೆದು ಹೋಗಬಹುದಾದ ದೂರದಲ್ಲಿರುವ ಲ್ಯಾಂಬೆತ್ ನಾರ್ತ್ ನಿಲ್ದಾಣವನ್ನು ಬಿಡಬಾರದು. ವಾಸ್ತುಶಿಲ್ಪಿ ಲೆಸ್ಲಿ ಗ್ರೀನ್ ಈ ಕಂಪನಿಗಾಗಿ ರೂಪಿಸಿದ ಗಾಢ ಕೆಂಪು ಹೆಂಚಿನ ಮುಖದ ನಿಲ್ದಾಣಗಳಲ್ಲಿ ಅದು ಒಂದು. 1906ರ ಮಾರ್ಚ್ 10ರಂದು ಬೇಕರ್ಲೂ ಮಾರ್ಗ ತೆರೆದಾಗ ದಕ್ಷಿಣದ ಕೊನೆಯ ನಿಲ್ದಾಣ ಅದೇ ಆಗಿತ್ತು, ಆಗ ಅದರ ಹೆಸರು ಕೆನಿಂಗ್ಟನ್ ರೋಡ್.